ಅಕ್ಕಾರ ಕ್ರಿಸ್ಮಸ್ ಡ್ಯೂಟಿ

ನಮ್ಮ ಆಫೀಸಿನ ಅಕ್ಕಾರು ಕೇಕು ತಿನ್ನುವುದನ್ನು ನೀವು ನೋಡಬೇಕಿತ್ತು. ಮುದ್ದೇಬಿಹಾಳದ ಬಸ್‌ಸ್ಟ್ಯಾಂಡಿನ ಎದುರಿಗೆ ಒಂದು ಬೇಕರಿ ಇದೆ. ಡಿಸೆಂಬರ್ ಬಂತೆಂದರೆ ಅವರು ಬಾಗಿಲಿಗೆ ಕಾಗದದ ನಕ್ಷತ್ರ ಕಟ್ಟಿ ಅದರೊಳಗೊಂದು ಕೆಂಪು ಬಲ್ಬು ಹಚ್ಚುತ್ತಾರೆ. ಅದರ ಕೆಳಗಿನ ಬೆಂಚಿನ ಮೇಲೆ ಅಕ್ಕಾರು ಕೂತು, ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡು, "ತತ್ತಿ ಹಾಕಿಲ್ಲಲ್ರಿ?" ಎಂದು ಪ್ರತಿ ವರ್ಷ ಅದೇ ಅನುಮಾನದಿಂದ ಕೇಳುತ್ತಿದ್ದರು. ಬೇಕರಿಯವನು, "ಇಲ್ರಿ ಅಕ್ಕಾರ, ನಿಮಗಂತನ ಬ್ಯಾರೆ ಮಾಡಿಸೇನಿ" ಎನ್ನುತ್ತಿದ್ದ. ಅದು ಖರೆಯೋ ಸುಳ್ಳೋ ನಾವು ಕೆದಕಲು ಹೋಗಲಿಲ್ಲ. ಆಮೇಲೆ ಅಕ್ಕಾರು ತಿನ್ನಲು ಹತ್ತಿದರೆ ಮಾತಿಲ್ಲ ಕತೆಯಿಲ್ಲ. ಕಾಗದದ ಮೇಲೆ ಉಳಿದ ಪುಡಿಯನ್ನೂ ಬೆರಳು ಒದ್ದೆ ಮಾಡಿ ಎತ್ತಿ ತಿಂದು, ನನ್ನ ಕಡೆ ಮುಖ ತಿರುಗಿಸಿ, "ನೋಡ ತಂಗಿ, ಎಲ್ಲೆರ ಹತ್ತೈತೇನ?" ಎನ್ನುತ್ತಿದ್ದರು. ನಾನು ಗಲ್ಲ, ಗದ್ದ, ಸೆರಗು ಎಲ್ಲ ತಪಾಸು ಮಾಡಿ "ಏನೂ ಇಲ್ರಿ" ಎಂದ ಮೇಲೆಯೇ ಏಳುವುದು. ಕೇಕಿನ ಒಂದು ಪುಡಿಯೂ ಅವರ ಮನೆಯ ಹೊಸಿಲು ದಾಟುವಂತಿರಲಿಲ್ಲ.

ಯಾಕೆಂದರೆ ಕ್ರಿಸ್ಮಸ್ ದಿನ ಅಕ್ಕಾರಿಗೆ ಡ್ಯೂಟಿ. ಹಾಗೆಂದು ಅವರ ಮನೆಯವರು ನಂಬಿದ್ದರು. ನಮ್ಮದು ಸರ್ಕಾರಿ ಕಚೇರಿ; ಅಂದು ಜವಾನನಿಂದ ಹಿಡಿದು ಸಾಹೇಬರ ತನಕ ಎಲ್ಲರಿಗೂ ಸೂಟಿ. ಅಕ್ಕಾರ ಮನೆಯ ಗೋಡೆಯ ಕ್ಯಾಲೆಂಡರಿನಲ್ಲೂ ಆ ತಾರೀಖು ಕೆಂಪಗೇ ಇತ್ತು. "ಅದು ಸಾಲಿ, ಬ್ಯಾಂಕಿನವರಿಗೆ ಅತ್ತಿ. ನಮಗ ವರ್ಷದ ಕಡೀ ಕೆಲಸ ಇರತೈತಿ" ಎಂದು, ನಾನು ನೌಕರಿಗೆ ಸೇರುವುದಕ್ಕಿಂತ ಬಹಳ ಮೊದಲೇ, ಅಕ್ಕಾರು ತಮ್ಮ ಅತ್ತೆಗೆ ಒಮ್ಮೆ ಹೇಳಿಬಿಟ್ಟಿದ್ದರಂತೆ. ಅಲ್ಲಿಗೆ ಆ ಮಾತು ಆ ಮನೆಯಲ್ಲಿ ಗಟ್ಟಿಯಾಗಿ ಕೂತಿತು. ವರ್ಷಕ್ಕೊಂದು ದಿನ, ಬೆಳಿಗ್ಗೆ ಹತ್ತರಿಂದ ಸಂಜೆ ಆರರ ತನಕ, ಅವರು ತಮಗಾಗಿ ದಕ್ಕಿಸಿಕೊಂಡದ್ದು ಅಷ್ಟೇ.

ಅವರ ಮನೆ ದೊಡ್ಡದು. ಗಂಡನಿಗೆ ಮಾರ್ಕೆಟ್ ಯಾರ್ಡಿನಲ್ಲಿ ಅಡತಿ ಅಂಗಡಿ, ತೊಗರಿ ಜೋಳದ ವ್ಯವಹಾರ. ಇಬ್ಬರು ಮೈದುನರು, ಅವರ ಹೆಂಡಿರು ಮಕ್ಕಳು, ಎಲ್ಲರ ಮೇಲೆ ಅತ್ತೆ. ಹಿರಿಯ ಸೊಸೆಯೆಂದು ಅಕ್ಕಾರನ್ನು ಮನೆಯಲ್ಲಿ "ದೊಡ್ಡಾಕಿ" ಎಂದೇ ಕರೆಯುವುದು. ಆ ಮನೆಯಲ್ಲಿ ದೊಡ್ಡಾಕಿ ಇಲ್ಲದೆ ಒಂದು ಒಗ್ಗರಣೆಯೂ ಬೀಳುತ್ತಿರಲಿಲ್ಲ. ಬೆಳಿಗ್ಗೆ ಹದಿನೈದು ಮಂದಿಯ ರೊಟ್ಟಿ ಬಡಿದು ಆಫೀಸಿಗೆ ಬಂದು, ಸಂಜೆ ಐದಕ್ಕೇ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯ ತುದಿಗೆ ಅಡ್ಡಡ್ಡ ಕೂತುಬಿಡುತ್ತಿದ್ದರು. ಅಷ್ಟು ವರ್ಷ ಅವರ ಪಕ್ಕದ ಮೇಜಿನಲ್ಲಿದ್ದ ನಾನು, ಅವರು ಕುರ್ಚಿಗೆ ಬೆನ್ನು ಹಚ್ಚಿ ಕೂತದ್ದನ್ನು ಆಫೀಸಿನಲ್ಲಿ ನೋಡಿಲ್ಲ. ನೋಡಿದ್ದು ಕ್ರಿಸ್ಮಸ್ ದಿನ, ನಾವು ತಿರುಗಾಡಲು ಹೊರಟ ಬಸ್ಸಿನಲ್ಲಿ.

ಈ ತಿರುಗಾಟ ಶುರು ಮಾಡಿದವಳು ಬೀದರ ಕಡೆಯ ಒಬ್ಬ ಕ್ರೈಸ್ತ ಟೈಪಿಸ್ಟಂತೆ. ಮೊದಲ ಕೇಕು ತಿನ್ನಿಸಿದ್ದು ಅವಳೇ. ಅವಳು ವರ್ಗವಾಗಿ ಊರಿಗೆ ಹೋದಳು, ತನ್ನ ಹಬ್ಬವನ್ನು ನಮ್ಮವರಿಗೆ ಬಿಟ್ಟು ಹೋದಳು. ನಾನು ಸೇರುವ ಹೊತ್ತಿಗೆ ಉಳಿದದ್ದು ಅಕ್ಕಾರು ಮತ್ತು ರೇಣುಕಾ. ರೇಣುಕಾ ನಮ್ಮ ಸೆಕ್ಷನ್ನಿನ ಕೇಸ್‌ವರ್ಕರ್, ಬಾಯಿ ಬಿಟ್ಟರೆ ಮುಚ್ಚುವವಳಲ್ಲ, ಮನಸ್ಸು ಮಾತ್ರ ಬೆಣ್ಣೆ. ನನ್ನನ್ನೂ ಸೇರಿಸಿಕೊಂಡು ಮೂವರಾದೆವು. ಆಗ ನನಗಿನ್ನೂ ಮದುವೆಯಾಗಿರಲಿಲ್ಲ, ಬಾಯಿ ಜೋರು. ಮೊದಲ ವರ್ಷವೇ ಬಸ್ಸಿನಲ್ಲಿ ಕೇಳಿದ್ದೆ, "ಅಲ್ರಿ ಅಕ್ಕಾರ, ಕಳ್ಳರಂಗ ಯಾಕ? ಗೆಳತ್ಯಾರ ಕೂಡ ಹೊಂಟೇನಿ ಅಂತ ಹೇಳೇ ಬರಬಾರದೇನ್ರಿ?"

ಅಕ್ಕಾರು ಕಿಟಕಿಯ ಹೊರಗಿನ ಜೋಳದ ಹೊಲ ನೋಡುತ್ತ, "ಮದುವ್ಯಾಗು, ಆಮ್ಯಾಲೆ ಕೇಳು" ಎಂದರು. ರೇಣುಕಾ ಬಿದ್ದು ಬಿದ್ದು ನಕ್ಕಳು. ನನಗೆ ಸಿಟ್ಟು ಬಂತು.

ಆ ಸಿಟ್ಟು ಬಹಳ ದಿನ ಇತ್ತು. ಗಂಡ ಬಡಿಯುತ್ತಾನೇನೋ, ಅತ್ತೆ ಕಾಟ ಕೊಡುತ್ತಾಳೇನೋ ಎಂದೆಲ್ಲ ಕೆದಕಿ ಕೇಳಿದೆ. "ಛೇ ಛೇ, ನಮ್ಮ ಮನಿಯವರು ಕೆಟ್ಟವರಲ್ಲ" ಎಂದರು. "ಹೊಡಿಯೂದಿಲ್ಲ, ಬೈಯೂದಿಲ್ಲ, ಪಗಾರ ಕಸಗೊಳ್ಳೂದಿಲ್ಲ. ನಾ ಇಲ್ಲದ ಅವರಿಗೆ ನಡಿಯೂದಿಲ್ಲ. ಅದ ತ್ರಾಸ ಆಗೈತಿ." ಕೆಟ್ಟವರಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಒಳ್ಳೆಯವರ ಕೈಯಿಂದ ಬಿಡಿಸಿಕೊಳ್ಳುವುದು ಹೇಗೆಂದು ನನಗೆ ಇಂದಿಗೂ ಗೊತ್ತಾಗಿಲ್ಲ.

ಬೇರೆ ಸೂಟಿಗಳೂ ಇದ್ದವಲ್ಲ, ಈ ಒಂದು ದಿನವೇ ಯಾಕೆ ಎಂದು ಕೇಳಿದ್ದಕ್ಕೆ ಅವರ ಲೆಕ್ಕ ಬೇರೆಯಿತ್ತು. "ನೀವೆಲ್ಲ ಹಬ್ಬ ಹಬ್ಬ ಅಂತೀರಿ. ಪಂಚಮಿಗೆ ಉಂಡಿ ಕಟ್ಟಾಕಿ ನಾ. ದೀಪಾವಳಿಗೆ ಕರಚಿಕಾಯಿ ಕರಿಯಾಕಿ ನಾ. ಎಳ್ಳ ಅಮಾಸಿಗೆ ಎಲ್ಲಾರೂ ಹೊಲಕ್ಕ ಹೋಗಿ ಆರಾಮ ಉಂಡ ಬರ್ತಾರ, ನಸುಕಿನ್ಯಾಗ ಎದ್ದ ಸಜ್ಜಿ ರೊಟ್ಟಿ ಬಡಿಯಾಕಿ ನಾ. ಇದೊಂದ ಹಬ್ಬಕ್ಕ ನನ್ನ ಕೈಲೆ ಏನೂ ಆಗಬೇಕಿಲ್ಲ. ಆ ದೇವರು ನನಗ ಹೋಳಿಗಿ ಕೇಳಿಲ್ಲ ನೋಡವಾ."

ಅದಕ್ಕೇ ಅವರದೊಂದು ಕಾಯಿದೆ ಇತ್ತು: ಆವತ್ತು ಯಾರೂ ಬುತ್ತಿ ತರುವ ಹಾಗಿಲ್ಲ. ನಮ್ಮ ಕಡೆ ನಾಲ್ಕು ಮೈಲಿ ಹೋಗುವುದಿದ್ದರೂ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ ಕಟ್ಟಿಕೊಂಡೇ ಹೊರಡುವುದು. ಅಕ್ಕಾರ ಜೊತೆ ಹೋದರೆ ಹೆಣ್ಣುಮಕ್ಕಳು ಮನೆಯಲ್ಲಿ ಬೇಯಿಸಿದ ಒಂದು ತುತ್ತನ್ನೂ ಮುಟ್ಟುವಂತಿಲ್ಲ. ಮಿರ್ಚಿ ಭಜಿ, ಸೂಸಲ, ಐಸ್‌ಕ್ರೀಮು, ಏನು ಕೊಂಡರೂ ಅಂಗಡಿಯದೇ. ಆದರೆ ಡ್ಯೂಟಿಗೆ ಹೊರಟವರ ಕೈಯಲ್ಲಿ ಡಬ್ಬಿ ಇಲ್ಲದಿದ್ದರೆ ಹೇಗೆ? ಹಾಗಾಗಿ ಮನೆಯಿಂದ ಡಬ್ಬಿ ಕಟ್ಟಿಕೊಂಡೇ ಬರುತ್ತಿದ್ದರು, ಬಸ್‌ಸ್ಟ್ಯಾಂಡಿನ ಆಕಳಿಗೆ ಒಂದೊಂದೇ ರೊಟ್ಟಿ ಹಾಕಿ, ನಳದ ಕೆಳಗೆ ತೊಳೆದು, ಖಾಲಿ ಡಬ್ಬಿಯನ್ನು ಚೀಲಕ್ಕೆ ಸೇರಿಸುತ್ತಿದ್ದರು. ಆ ಆಕಳಂತೂ ಅಕ್ಕಾರ ಸೀರೆಯ ಬಣ್ಣ ಕಂಡರೆ ಎದ್ದು ಬರುತ್ತಿತ್ತು.

ಒಂದು ವರ್ಷ ಬಸವನ ಬಾಗೇವಾಡಿಗೆ ಹೋಗಿದ್ದೆವು. ಗುಡಿಗೆ ಹೋಗಿ ಬಂದು ಖಾನಾವಳಿಯಲ್ಲಿ ಊಟಕ್ಕೆ ಕೂತಾಗ ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳಿತು. ರೇಣುಕಾ ಸುಮ್ಮನಿರಬೇಕಲ್ಲ. "ಅಲ್ಲಿ ಬಡಿಯಾಕಿ ಹೆಂಗಸ ಅಲ್ಲೇನ್ರಿ ಅಕ್ಕಾರ? ನಿಮ್ಮ ಕಾಯಿದೆ ಎಲ್ಲಿ ಹೋತು?" ಎಂದು ಕಾಡಿದಳು. ಅಕ್ಕಾರು ಎತ್ತಿದ್ದ ತುತ್ತನ್ನು ತಟ್ಟೆಗೇ ಇಟ್ಟರು. ಆಮೇಲೆ ಎದ್ದು ಒಳಗೆ ಹೋಗಿ, ಏನು ಹೇಳಿದರೋ, ರೊಟ್ಟಿ ಮಾಡುವಾಕೆಯ ಕೈಹಿಡಿದು ಹೊರಗೆ ಕರೆತಂದರು. ಹಿಟ್ಟಿನ ಕೈಯಲ್ಲೇ ಆಕೆಯನ್ನು ನಮ್ಮ ಬೆಂಚಿನಲ್ಲಿ ಕೂಡಿಸಿ, ಆ ಸಲ ಬೇಕರಿಯಿಂದ ಕಟ್ಟಿಸಿ ತಂದಿದ್ದ ತಮ್ಮ ಪಾಲಿನ ಕೇಕು ಕೊಟ್ಟು, ಚಹಾ ತರಿಸಿದರು. ಗಲ್ಲೆಯ ಮೇಲಿದ್ದ ಮಾಲಕ ಗಡಿಯಾರ ನೋಡಿದ. "ಗಿರಾಕಿ ನಾವ ಅದೇವಿ, ನಾವ ಸುಮ್ಮ ಕೂತೇವಿ. ನಿಮಗೇನ ಅವಸರ್ರಿ?" ಎಂದು ಅಕ್ಕಾರು ಕೇಳಿದ ದನಿ ನಾನು ಆಫೀಸಿನಲ್ಲಿ ಎಂದೂ ಕೇಳಿರಲಿಲ್ಲ. ಆಫೀಸಿನಲ್ಲಿ ಅವರದು ಒಂದೇ ಮಾತು, "ಆತ ಬಿಡ್ರಿ."

ಫೋನು ಬಂದ ಮೇಲೆ ಫಜೀತಿ ಹೆಚ್ಚಾಯಿತು. ಗಂಡ ದಿನಕ್ಕೆ ನಾಲ್ಕು ಸಲ ಫೋನು ಮಾಡುವ ಮನುಷ್ಯ. ಅನುಮಾನದಿಂದ ಅಲ್ಲ, ಅವರಿಗೆ ಬಿ.ಪಿ. ಗುಳಿಗೆ ಸಿಗುತ್ತಿರಲಿಲ್ಲ. ಒಮ್ಮೆ ಆಲಮಟ್ಟಿಯ ತೋಟದಲ್ಲಿ ನಾವು ಭಜಿ ತಿನ್ನುತ್ತಿದ್ದಾಗ ಫೋನು ಬಂತು. "ಗ್ವಾಡಿ ಮಾಡದಾಗ ಸಕ್ಕರಿ ಡಬ್ಬಿ ಹಿಂದ ಅದಾವ್ರಿ" ಎಂದು ಅಕ್ಕಾರು ಹೇಳುವಷ್ಟರಲ್ಲಿ ಹಿಂದಿನಿಂದ ಪೀಪಿ ಮಾರುವವನು ಜೋರಾಗಿ ಊದಿದ. "ಅದೇನ ಸಪ್ಪಳ?" ಎಂದು ಅತ್ತ ಕಡೆಯಿಂದ ಕೇಳಿರಬೇಕು. "ಸಾಹೇಬರ ಮೊಮ್ಮಗ ಬಂದೈತ್ರಿ ಆಫೀಸಿಗೆ" ಎಂದುಬಿಟ್ಟರು. ನಮ್ಮ ಆಗಿನ ಸಾಹೇಬರಿಗೆ ಇನ್ನೂ ಮದುವೆಯೇ ಆಗಿರಲಿಲ್ಲ. ಮರುದಿನ ಅಕ್ಕಾರ ಅತ್ತೆ ಆ ಮೊಮ್ಮಗನಿಗೆಂದು ಶೇಂಗಾ ಉಂಡಿ ಕಳಿಸಿದರು. ಸಾಹೇಬರು ಏನು ಎತ್ತ ಎಂದು ಕೇಳದೆ ಕೂತು ತಿಂದರು.

ಅತ್ತೆಗೆ ಸೊಸೆಯ ಬಗ್ಗೆ ಪಾಪ ಎನಿಸುತ್ತಿತ್ತು. "ಊರಿಗೆಲ್ಲ ಸೂಟಿ, ನಮ್ಮ ದೊಡ್ಡಾಕಿಗಷ್ಟ ಇಲ್ಲ" ಎಂದು ಬಂದವರ ಮುಂದೆಲ್ಲ ಹಳಹಳಿಸುತ್ತಿದ್ದರಂತೆ. ಒಂದು ವರ್ಷ ಆ ಮುದುಕಿ, ಮೊಣಕಾಲು ಬೇನೆ ಇಟ್ಟುಕೊಂಡು, ತಾನೇ ಒಲೆಯ ಮುಂದೆ ಕೂತು ಹೋಳಿಗೆ ಮಾಡಿ ಡಬ್ಬಿಗೆ ಹಾಕಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ಆಕಳು ಬಂದು ನಿಂತಿತು. ಅಕ್ಕಾರು ಡಬ್ಬಿ ತೆಗೆದು ನೋಡಿ, ಮತ್ತೆ ಮುಚ್ಚಿ, "ಅತ್ತಿ ಕೈಲೆ ಮಾಡಿದ್ದು ಐತಿ ತಂಗಿ, ದನಕ್ಕ ಹಾಕಾಕ ಮನಸ್ಸ ಬರವಲ್ದು" ಎಂದರು. ಅಲ್ಲೇ ಬೇಕರಿಯ ನಕ್ಷತ್ರದ ಕೆಳಗೆ ಕೂತು ಅಷ್ಟೂ ಹೋಳಿಗೆ ತಿಂದರು. ಆವತ್ತು ಕೇಕು ಮುಟ್ಟಲಿಲ್ಲ, ಎಲ್ಲಿಗೂ ಹೋಗೋಣವೆನ್ನಲೂ ಇಲ್ಲ. ನಾವು ಮೂವರೂ ಸಂಜೆಯ ತನಕ ಬಸ್‌ಸ್ಟ್ಯಾಂಡಿನಲ್ಲೇ ಕಳೆದೆವು. ಆ ವರ್ಷದ ಸೂಟಿ ಹಾಗೇ ಹೋಯಿತು.

ಅಕ್ಕಾರಿಗೆ ಒಂದೇ ಒಂದು ಆಸೆ ಉಳಿದಿತ್ತು, ಆಲಮಟ್ಟಿಯ ಕಾರಂಜಿ. ಕತ್ತಲಾದ ಮೇಲೆ ಬಣ್ಣದ ದೀಪ ಹಚ್ಚಿ, ಹಾಡು ಹಾಕಿ, ಅದಕ್ಕೆ ಸರಿಯಾಗಿ ನೀರು ಕುಣಿಸುತ್ತಾರೆ. ನಮಗೋ ಆರಕ್ಕೆ ಊರಲ್ಲಿರಬೇಕು. ನಾಲ್ಕೂವರೆಗೇ ಬಸ್ಸು ಹಿಡಿಯಬೇಕು. ಪ್ರತಿ ಸಲ ಗೇಟಿನ ಹತ್ತಿರ ನಿಂತು ತಿರುಗಿ ಆ ಒಣ ನಳಿಕೆಗಳನ್ನು ನೋಡಿ, "ನೀರು ಹಾಡಿಗೆ ಕುಣಿತೈತಂತ, ಖರೇನ?" ಎಂದು ಕೇಳುತ್ತಿದ್ದರು. ರೇಣುಕಾ ಒಮ್ಮೆ ನೋಡಿ ಬಂದವಳು, ರಸ್ತೆಯಲ್ಲೇ ಕೈ ಮೇಲೆತ್ತಿ, ಸೊಂಟ ಬಳುಕಿಸಿ, "ಹಿಂಗ ಏಳತೈತ್ರಿ, ಹಿಂಗ ಬೀಳತೈತ್ರಿ" ಎಂದು ತೋರಿಸುತ್ತಿದ್ದಳು. ಅಕ್ಕಾರು ನಗುನಗುತ್ತ ಬಸ್ಸು ಹತ್ತುತ್ತಿದ್ದರು, ನಿಡಗುಂದಿ ದಾಟುವಷ್ಟರಲ್ಲಿ ನಗು ನಿಂತಿರುತ್ತಿತ್ತು. ಊರು ಹತ್ತಿರ ಬಂದಂತೆಲ್ಲ ಬೆನ್ನು ಸೀಟಿನಿಂದ ಮುಂದೆ ಬಂದು, ಚೀಲ ತೊಡೆಯ ಮೇಲೆ ಏರಿ, ಅವರು ಮತ್ತೆ ಅಡ್ಡಡ್ಡ ಕೂತಿರುತ್ತಿದ್ದರು.

ಹೋದ ಮಳೆಗಾಲದಲ್ಲಿ ಅವರು ರಿಟೈರ್ ಆದರು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಇಡೀ ಮನೆ ಬಂದು ಮುಂದಿನ ಸಾಲಿನಲ್ಲಿ ಕೂತಿತ್ತು. ಅತ್ತೆಯನ್ನೂ ಎರಡು ಮಾತು ಆಡಿರೆಂದು ಒತ್ತಾಯಿಸಿದರು. ಮುದುಕಿ ಕುರ್ಚಿ ಹಿಡಿದು ಎದ್ದು, "ಇಷ್ಟ ದಿನ ನಿಮ್ಮಾಕಿ ಆಗಿದ್ಲು. ಇನ್ನ ನಮ್ಮ ದೊಡ್ಡಾಕಿ ಮನ್ಯಾಗ ಇರತಾಳ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕಾರು ಕೈಮುಗಿದರು. ಡ್ಯೂಟಿ ಇಲ್ಲದವರಿಗೆ ಡ್ಯೂಟಿಯ ನೆಪವೂ ಇಲ್ಲ ಎಂಬುದು ಆ ಹಾಲಿನಲ್ಲಿ ನಮ್ಮ ಮೂವರಿಗೆ ಮಾತ್ರ ಗೊತ್ತಿತ್ತು.

ಡಿಸೆಂಬರ್ ಬಂತು. ಬೇಕರಿಯವನು ನಕ್ಷತ್ರ ಕಟ್ಟಿ, "ಅಕ್ಕಾರು ಬರೂದಿಲ್ಲೇನ್ರಿ ಈ ಸಲ?" ಎಂದು ಕೇಳಿದ. ರೇಣುಕಾಗೆ ತಡೆಯಲಾಗಲಿಲ್ಲ. "ನಡಿ, ಮನಿಗೇ ಹೋಗಿ ಕೇಳೂಣು. ನೆಟ್ಟಗ ಕೇಳಿದ್ರ ಯಾಕ ಒಲ್ಲೆ ಅಂತಾರ?" ಎಂದಳು. ಹೋದೆವು. ಅತ್ತೆ ಪಡಸಾಲೆಯ ಮಂಚದ ಮೇಲಿದ್ದರು. ಅಕ್ಕಾರು ಅವಲಕ್ಕಿ, ಚಹಾ ತಂದಿಟ್ಟು ಬಾಗಿಲ ಚೌಕಟ್ಟು ಹಿಡಿದು ನಿಂತರು. ರೇಣುಕಾ ಗಂಟಲು ಸರಿ ಮಾಡಿಕೊಂಡು, "ಅಜ್ಜಿ, ಈ ಸಲ ಕ್ರಿಸ್ಮಸ್ಸಿಗೆ ನಮಗೂ ಸೂಟಿ ಕೊಟ್ಟಾರ್ರಿ. ಅಕ್ಕಾರನ್ನ ಆಲಮಟ್ಟಿಗೆ ಕರ್ಕೊಂಡ ಹೊಂಟೇವ್ರಿ. ಕಾರಂಜಿ ನೋಡ್ಕೊಂಡ ನಾವ ಮನೀ ತನಕ ತಂದ ಬಿಡ್ತೇವಿ" ಎಂದಳು.

ಮುದುಕಿ ಒಂದು ಗಳಿಗೆಯೂ ತಡ ಮಾಡಲಿಲ್ಲ. "ಹೋಗ್ಲಿ ಬಿಡವಾ. ಎಲ್ಲಿಗೆ ಹೋಗ್ಯಾಳ ಆಕಿ? ಡ್ಯೂಟಿ ಡ್ಯೂಟಿ ಅಂತ ಜೀವ ತೇಯ್ದಾಳ."

ಅಷ್ಟೇ ಆಗಿತ್ತು. ಅಷ್ಟು ವರ್ಷ ಮುಚ್ಚಿಟ್ಟು ಮುಚ್ಚಿಟ್ಟು ಮಾಡಿದ್ದು ಒಂದು ಮಾತಿಗೆ ಸಿಕ್ಕಿಬಿಟ್ಟಿತು. ನಾನು ಬಾಗಿಲ ಕಡೆ ನೋಡಿದೆ. ಅಕ್ಕಾರು ಚೌಕಟ್ಟಿಗೆ ಬೆನ್ನು ಹಚ್ಚಿ ನಿಂತಿದ್ದರು. ಅವರ ಮನೆಯೊಳಗೆ ಅವರು ಹಾಗೆ ಬೆನ್ನು ಹಚ್ಚಿದ್ದನ್ನು ನೋಡಿ ನನಗೆ ಕಣ್ಣೀರೇ ಬಂತು.

ಚಹಾ ಕುಡಿದು ಎದ್ದೆವು. ಚಪ್ಪಲಿ ಮೆಟ್ಟುವಾಗ ರೇಣುಕಾ, ನಮ್ಮ ಕಡೆ ಯಾರೇ ಆದರೂ ಹೇಳುವ ಹಾಗೆ, "ನೀವೂ ಬರ್ರಲ್ಲ ಅಜ್ಜಿ. ಎಲ್ಲಾರೂ ಬರ್ರಿ" ಎಂದಳು. ಒಂದು ಮನೆಗೆ ಹೋಗಿ ಒಬ್ಬರನ್ನೇ ಕರೆದು ಬರುವುದು ನಮ್ಮಲ್ಲಿಲ್ಲ. ಎಲ್ಲರನ್ನೂ ಬನ್ನಿ ಎನ್ನಲೇಬೇಕು. ಅದಕ್ಕೆ ಉತ್ತರವೂ ಗೊತ್ತಿರುವುದೇ. "ಆತವಾ, ಇನ್ನೊಮ್ಮಿ ನೋಡೂಣು" ಎನ್ನುತ್ತಾರೆ, ಅಲ್ಲಿಗೆ ಮುಗಿಯುತ್ತದೆ. ಮುದುಕಿ ಹಾಗೆನ್ನಲಿಲ್ಲ. ಕಾಲು ಕೆಳಗೆ ಬಿಟ್ಟು ಕೂತರು.

"ಡ್ಯಾಮ್ ಕಟ್ಟಿದಾಗಿಂದ ಕೇಳಾಕತ್ತೇನಿ, ಒಮ್ಮಿನೂ ನೋಡಿಲ್ಲವಾ ನಾ" ಎಂದರು. "ನಮ್ಮ ಯಜಮಾನ್ರು ಕರ್ಕೊಂಡ ಹೋಗ್ತೇನಿ ಕರ್ಕೊಂಡ ಹೋಗ್ತೇನಿ ಅಂತ ಹೇಳೇ ಹೋಗಿಬಿಟ್ರು. ದೊಡ್ಡಾಕಿ, ನಡಿ, ಎಲ್ಲಾರೂ ಹೋಗೂಣು."

ಆ ಮುಖ ನೋಡಿ ಬೇಡವೆನ್ನಲು ಯಾರಿಗೆ ಬಾಯಿ ಬರುತ್ತದೆ? ಅಕ್ಕಾರಿಗೂ ಬರಲಿಲ್ಲ. "ಹೂಂ ಅತ್ತಿ" ಎಂದರು. ಚೌಕಟ್ಟಿನಿಂದ ಬೆನ್ನು ತೆಗೆದು ಖಾಲಿ ಬಟ್ಟಲುಗಳನ್ನು ಎತ್ತಿಕೊಂಡು ಒಳಗೆ ಹೋದರು. ರೇಣುಕಾ ದಾರಿಯುದ್ದಕ್ಕೂ ತನ್ನ ಬಾಯಿಯನ್ನು ತಾನೇ ಬೈದುಕೊಂಡಳು.

ಕ್ರಿಸ್ಮಸ್ ದಿನ ಒಂದು ಕ್ರೂಸರ್ ತುಂಬ ಜನ. ಸಿಂದಗಿಗೆ ಕೊಟ್ಟ ಅಕ್ಕಾರ ಮಗಳು ಕೂಸು ಕಟ್ಟಿಕೊಂಡು ಬಂದಿದ್ದಳು. ಇಂಡಿಯಿಂದ ನಾದಿನಿ ಬಂದಿದ್ದರು. ನಾನು, ರೇಣುಕಾ ಹಿಂದಿನ ಸೀಟಿನಲ್ಲಿ ಪಾತ್ರೆಗಳ ನಡುವೆ ಸಿಕ್ಕಿಕೊಂಡು ಕೂತೆವು. ಕಟಿರೊಟ್ಟಿ, ಎಣ್ಣೆಗಾಯಿ, ಹಿಂಡಿ ಪಲ್ಲೆ, ಮೊಸರು, ಚಿತ್ರಾನ್ನ, ಹೋಳಿಗೆ. "ಯಾವಾಗ ಎದ್ದಿದ್ರಿ?" ಎಂದು ಕೇಳಿದೆ. "ಮಲಗಿದ್ರಲ್ಲ ಏಳೂದು" ಎಂದರು ಅಕ್ಕಾರು. ಗಾಡಿ ಬೇಕರಿಯ ಮುಂದೆ ಹಾಯ್ದು ಹೋಯಿತು. ನಿಲ್ಲಿಸಿ ಎಂದು ಯಾರೂ ಹೇಳಲಿಲ್ಲ. ಹೊಟ್ಟೆಗೆ ಇಷ್ಟೆಲ್ಲ ಇರುವಾಗ ಬೇಕರಿಯದು ಯಾಕೆ?

ತೋಟದಲ್ಲಿ ಜಮಖಾನ ಹಾಸಿ, ಬಡಿಸಿ, ಮತ್ತೆ ಬಡಿಸಿ, ಗಂಡನಿಗೆ ಗುಳಿಗೆ ಕೊಟ್ಟು, ಮಕ್ಕಳ ಕೈತೊಳೆಸಿ, ಅಕ್ಕಾರು ಉಣ್ಣುವಾಗ ಹೊತ್ತು ಇಳಿದಿತ್ತು. ಕಾರಂಜಿಯ ಹೊತ್ತಾಯಿತೆಂದು ಎಲ್ಲರೂ ಎದ್ದರು. ಅಷ್ಟರಲ್ಲಿ ಮೊಮ್ಮಗು ಅಕ್ಕಾರ ತೊಡೆಯ ಮೇಲೆ ನಿದ್ದೆ ಹೋಗಿತ್ತು. ಪಾತ್ರೆಗಳನ್ನು ಕಾಯಲೂ ಒಬ್ಬರು ಬೇಕು. "ಕೊಡ್ರಿ ಕೂಸಿನ್ನ, ನಾ ಕೂಡ್ತೇನಿ, ನೀವ ಹೋಗ್ರಿ" ಎಂದು ನಾನು ಕೈಚಾಚಿದೆ. ಅವರು ಎತ್ತಿ ಕೊಟ್ಟರು. ಕೂಸು ಕಣ್ಣು ಬಿಟ್ಟು ನನ್ನನ್ನು ನೋಡಿ ಊರು ಒಂದಾಗುವಂತೆ ಅತ್ತಿತು. ಅವರ ತೊಡೆಗೆ ಹೋದ ಮೇಲೆಯೇ ಸುಮ್ಮನಾಯಿತು.

"ನೀ ಹೋಗ. ನೋಡಿ ಬಂದ ಹೇಳ" ಎಂದರು. ನಾನು ಹೋಗಲಿಲ್ಲ. ಪಕ್ಕದಲ್ಲೇ ಕೂತೆ.

ನಾವು ಕೂತಲ್ಲಿಂದ ಕಾರಂಜಿ ಕಾಣುತ್ತಿರಲಿಲ್ಲ, ನಡುವೆ ಗಿಡಗಳಿದ್ದವು. ಹಾಡು ಶುರುವಾಯಿತು. ಜನ ಹೋ ಎಂದರು. ಗಿಡಗಳ ತುದಿ ಒಮ್ಮೆ ಕೆಂಪಗೆ, ಒಮ್ಮೆ ಹಸಿರಗೆ ಆಗುತ್ತಿತ್ತು. ಅಕ್ಕಾರ ಕನ್ನಡಕದ ಮೇಲೂ ಆ ಬಣ್ಣ ಬಂದು ಹೋಗುತ್ತಿತ್ತು. ನನಗೆ ಸಂಕಟ ತಡೆಯಲಾಗಲಿಲ್ಲ. "ಎದ್ದ ನಾಕ ಹೆಜ್ಜಿ ಮುಂದ ಹೋಗಿ ನಿಂತ್ರ ಕಾಣಸ್ತೈತ್ರಿ ಅಕ್ಕಾರ, ಕೂಸಿನ್ನ ಎತ್ಕೊಂಡ ಬರ್ರಿ" ಎಂದೆ.

"ಎದ್ರ ಇದು ಎಚ್ಚರ ಆಗತೈತಿ. ಆತ ಬಿಡು" ಎಂದರು. ಅದು ಆಫೀಸಿನ ದನಿ. ಕೂಸನ್ನು ತಟ್ಟುತ್ತ, ನನ್ನನ್ನು ನೋಡದೆ ಕೇಳಿದರು, "ನೀ ಮನ್ಯಾಗ ಏನಂತ ಹೇಳಿ ಬಂದಿ ಇವತ್ತ?"

ನನಗೆ ಮದುವೆಯಾಗಿ ಎರಡು ಮಕ್ಕಳು. ಮನೆಯಲ್ಲಿ ಎಲ್ಲರೂ ಒಳ್ಳೆಯವರೇ.

"ಡ್ಯೂಟಿ ಐತಿ ಅಂತ ಹೇಳೇನ್ರಿ" ಎಂದೆ.

ಅಕ್ಕಾರು ನಕ್ಕರು. ಆ ದಿನ ಅವರು ನಕ್ಕದ್ದು ಅದೊಂದೇ ಸಲ. "ಶಾಣ್ಯಾಕಿ ಅದಿ" ಎಂದು ನನ್ನ ಬೆನ್ನ ಮೇಲೆ ಕೈಯಿಟ್ಟರು. "ಯಾರರ ನಿನ್ನ ಕರಿಯೂದಿದ್ರ, ಮನಿಗೆ ಬಂದ ಕರೀಬ್ಯಾಡ್ರಿ ಅಂತ ಹೇಳ."

ಹಾಡು ನಿಂತಿತು. ಎಲ್ಲರೂ ಗದ್ದಲ ಮಾಡುತ್ತ ಹಿಂದಿರುಗಿದರು. ಅತ್ತೆ ಮಗನ ತೋಳು ಹಿಡಿದು ಬಂದು ಜಮಖಾನದ ಮೇಲೆ ಕುಸಿದು ಕೂತರು. ಮುಖವೆಲ್ಲ ತುಂತುರು. ಆ ವಯಸ್ಸಿನಲ್ಲಿ ಅಷ್ಟು ಖುಷಿಯಾದ ಮುಖವನ್ನು ನಾನು ನೋಡಿಲ್ಲ, ಆಕೆಯ ಮೇಲೆ ಸಿಟ್ಟು ಮಾಡಲೂ ನನಗಾಗಲಿಲ್ಲ.

"ನನ್ನ ಜನ್ಮ ಸಾರ್ಥಕ ಆತು" ಎಂದರು. "ಕೇಳ್ರಿ ಎಲ್ಲಾರೂ. ನಮ್ಮ ದೊಡ್ಡಾಕಿ ಪಾಪ, ಇಷ್ಟ ವರ್ಷ ಈ ದಿನ ಡ್ಯೂಟಿ ಮಾಡ್ಯಾಳ. ಒಮ್ಮಿನೂ ಎಲ್ಲೂ ಹೋಗಿಲ್ಲ. ಇನ್ನ ಪ್ರತಿ ವರ್ಷ ಆಕಿನ್ನ ಕರ್ಕೊಂಡ ಎಲ್ಲಾರೂ ಹಿಂಗ ಬರೂಣು. ಇದೂ ಒಂದ ಹಬ್ಬ ಅಂತ ಹಿಡದ ಬಿಡೂಣು. ಏನಂತಿ ದೊಡ್ಡಾಕಿ?"

ಎಲ್ಲರೂ ಅಕ್ಕಾರ ಕಡೆ ನೋಡಿದರು. ರೇಣುಕಾ ಮಾತ್ರ ನೆಲ ನೋಡುತ್ತಿದ್ದಳು.

"ಆತ ಬಿಡ್ರಿ ಅತ್ತಿ, ಅದಕ್ಕೇನ" ಎಂದರು ಅಕ್ಕಾರು. ಕೂಸನ್ನು ಎಡತೊಡೆಗೆ ಸರಿಸಿಕೊಂಡು, ಡಬ್ಬಿಯ ಮುಚ್ಚಳ ತೆಗೆದು, ಹೋಳಿಗೆ ಇನ್ನೂ ಉಳಿದಾವ, ಯಾರ್‍ಯಾರಿಗೆ ಬೇಕು ಎಂದು ಕೇಳಿದರು.